ಪದಚರ್ಚೆ: ‘ಡಿಮೆನ್ಷಿಯಾ’ಕ್ಕೆ ‘ಅರಳುಮರಳು’ ಸಾಕೇ?

ಪ್ರಶ್ನೆ: ಆಶಾ ಕಾರ್ಯಕರ್ತೆಯರಿಗೆಂದು ಡಿಮೆನ್ಷಿಯಾ ಕುರಿತ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಪುಟಕ್ಕೊಂದು ಹೆಸರು: ಬುದ್ಧಿಮಾಂದ್ಯತೆ, ಚಿತ್ತವೈಕಲ್ಯ, ಮರೆಗುಳಿತನ, ಅರಳುಮರಳು. ಯಾವುದನ್ನು ಉಳಿಸೋಣ? ‘ಕೇರ್‌ಗಿವರ್’ಗೆ ‘ಪೋಷಕರು’ ಎಂದಿಟ್ಟಿದ್ದೇವೆ, ನಡೆದೀತೇ?

ಉತ್ತರ: ಮೊದಲು ‘ಬುದ್ಧಿಮಾಂದ್ಯತೆ’ಯನ್ನು ಹೊಡೆದುಹಾಕಿ. ಎಳವೆಯಲ್ಲೇ ಬುದ್ಧಿ ಬೆಳೆಯದೆ ನಿಂತದ್ದಕ್ಕೆ ಬಳಸುತ್ತಿದ್ದ ಮಾತು ಅದು. ಡಿಮೆನ್ಷಿಯಾದಲ್ಲಿ ಪೂರ್ತಿ ಬೆಳೆದ ಬುದ್ಧಿ ಕುಂದುತ್ತದೆ. ಇದು ಬರೀ ಪಂಡಿತರ ತಕರಾರಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲಿ ಡಿಮೆನ್ಷಿಯಾದ ಹೆಸರಿಲ್ಲ. ಅಲ್ಲಿನ ‘ಮಾನಸಿಕ ಅನಾರೋಗ್ಯ’ದ ವ್ಯಾಖ್ಯೆಯಲ್ಲಿ ನೆನಪಿನ ಮಾತು ಇದೆ, ಹಾಗಾಗಿ ಆ ಬಾಗಿಲಿನಿಂದ ಒಳಹೋಗಬಹುದು, ಬೆಳೆಯದ ಬುದ್ಧಿಯನ್ನು ಅದೇ ವ್ಯಾಖ್ಯೆ ಹೊರಗಿಡುತ್ತದೆ. ಕೈಪಿಡಿ ನಂಬಿ ಅಂಗವೈಕಲ್ಯ ಪ್ರಮಾಣಪತ್ರದ ಅರ್ಜಿ ತುಂಬಿದವರು ತಪ್ಪು ಕಲಮಿಗೆ ಗುರುತು ಹಾಕಿ ಬರುತ್ತಾರೆ.

‘ಚಿತ್ತವೈಕಲ್ಯ’ ಊರವರ ಕಿವಿಗೆ ಹುಚ್ಚು ಎಂದೇ ಬೀಳುತ್ತದೆ. ‘ಮರೆಗುಳಿತನ’ ಕನ್ನಡಕ ಎಲ್ಲಿಟ್ಟೆನೆಂದು ಹುಡುಕಾಡುವವರ ಸ್ವಭಾವ. ಮಿದುಳಿನ ಮುಂಭಾಗ ಸವೆಯುವ ಬಗೆಯಲ್ಲಂತೂ ಮೊದಲು ಕೆಡುವುದು ನಡವಳಿಕೆ ಇಲ್ಲವೇ ಮಾತು. ನೆನಪಿನ ಸರದಿ ಆಮೇಲೆ.

‘ಅರಳುಮರಳು’ ನನಗೂ ಇಷ್ಟದ ಪದ. ಆದರೆ ‘ಅರವತ್ತಕ್ಕೆ ಅರಳುಮರಳು’ ಎಂದು ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟರೆ ಆಸ್ಪತ್ರೆಗೆ ಕರೆತರುವವರು ಯಾರು? ಬಿ12 ಕೊರತೆ, ಥೈರಾಯ್ಡ್ ಇಳಿತ, ಖಿನ್ನತೆ, ಬಿದ್ದಾಗ ತಲೆಯೊಳಗೆ ಕಟ್ಟಿದ ರಕ್ತ, ಇವೂ ಹಾಗೇ ಕಾಣುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ‘ಸನ್ನಿ’ಯನ್ನೂ ಬೇರೆಯಾಗಿಯೇ ಇಡಿ. ಮೂತ್ರದ ಸೋಂಕಿನಿಂದಲೋ ಜ್ವರದಿಂದಲೋ ಒಂದೆರಡು ದಿನದಲ್ಲಿ ಗುರುತು ತಪ್ಪಿ ಬಡಬಡಿಸಿದರೆ ಅದು ಸನ್ನಿ, ಅವತ್ತೇ ವೈದ್ಯರಿಗೆ ತೋರಿಸಬೇಕು. ಡಿಮೆನ್ಷಿಯಾ ತಿಂಗಳು, ವರ್ಷಗಳ ಸಂಗತಿ. ಇಂಥ ಹಳೆಯ ಪದ ಕೈಯಲ್ಲಿರುವಾಗ ಕರಡಿನ ‘ತೀವ್ರ ಗೊಂದಲಾವಸ್ಥೆ’ ಯಾಕೆ?

ಜಪಾನಿನಲ್ಲೂ ಇದೇ ಜಗ್ಗಾಟ ನಡೆದಿತ್ತು. ಅಲ್ಲಿನ ಹಳೆಯ ಪದ ‘ಚಿಹೋ’ದ ಎರಡು ಅಕ್ಷರಗಳಿಗೂ ದಡ್ಡತನದ ಅರ್ಥ. 2004ರಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟು ‘ನಿಂಚಿಶೋ’ ಎಂದಿತು. ‘ನಿಂಚಿ’ ಎಂದರೆ ಅರಿವು. ಮರುವರ್ಷ ಶುರುವಾದ, ಡಿಮೆನ್ಷಿಯಾ ಇರುವವರಿಗೆ ನೆರವಾಗುವ ‘ಬೆಂಬಲಿಗ’ರ ತರಬೇತಿ ಸುಮಾರು 90 ನಿಮಿಷದ್ದು, ಅಂಗಡಿ, ಬ್ಯಾಂಕಿನವರಿಗೂ ಕೊಡುತ್ತಾರೆ. ಹೆಸರು ಬದಲಿಸಿ ಸುಮ್ಮನಾಗಲಿಲ್ಲ ಅವರು.

ನನ್ನ ಮತ: ‘ಡಿಮೆನ್ಷಿಯಾ’ ಹಾಗೇ ಇರಲಿ, ಪ್ರತಿ ಅಧ್ಯಾಯದಲ್ಲೂ ಮೊದಲ ಸಲ ಬಂದಾಗ ಪಕ್ಕದಲ್ಲಿ ‘ಅರಿವು ಕುಂದುವ ಕಾಯಿಲೆ’ ಎಂದಿರಲಿ. ‘ಊರಲ್ಲಿ ಅರಳುಮರಳು ಅನ್ನುತ್ತಾರೆ, ಆದರೆ ಇದು ವಯಸ್ಸಿನ ಸಹಜ ಗುಣವಲ್ಲ’ ಎಂಬ ಸಾಲೂ ಬೇಕು. ಪ್ರಶ್ನಾವಳಿಯಲ್ಲಿ ‘ಮರೆವು ಇದೆಯೇ?’ ಎಂದು ಕೇಳಿದರೆ ಎಲ್ಲರೂ ‘ಹೂಂ, ವಯಸ್ಸಾಯ್ತಲ್ಲ’ ಎನ್ನುತ್ತಾರೆ. ಅದರ ಬದಲು ಮನೆಯವರನ್ನು ಹೀಗೆ ಕೇಳಿ: ‘ಈ ಆರು ತಿಂಗಳಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ್ದುಂಟಾ? ಚಿಲ್ಲರೆ ಲೆಕ್ಕ ತಪ್ಪುತ್ತಾ? ಗೊತ್ತಿರೋ ಬೀದಿಯಲ್ಲೇ ದಾರಿ ತಪ್ಪಿದ್ರಾ? ಮೊದಲು ಹೀಗಿರಲಿಲ್ವಾ?’ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ; ಯಾವತ್ತೂ ಲೆಕ್ಕ ಬಾರದವರಿಗೂ ಈಗ ತಪ್ಪತೊಡಗಿದವರಿಗೂ ವ್ಯತ್ಯಾಸ ತಿಳಿಯುವುದು ಅಲ್ಲೇ.

‘ಪೋಷಕರು’ ಬೇಡ, ಶಾಲೆಯ ಸಭೆಗೆ ಕರೆದಂತಿದೆ. ‘ಆರೈಕೆ ಮಾಡುವವರು’ ಸಾಕು. ಅವರಿಗೆ ನಾಲ್ಕು ದಿನ ಬಿಡುವು ಸಿಗಲೆಂದು ಬೇರೆಯವರು ನೋಡಿಕೊಳ್ಳುವ ‘ರೆಸ್ಪೈಟ್ ಕೇರ್’ಗೆ ನಿಮ್ಮ ‘ವಿರಾಮ ಶುಶ್ರೂಷೆ’ ರೋಗಿಗೇ ವಿರಾಮ ಕೊಟ್ಟಂತೆ ಕೇಳುತ್ತದೆ. ‘ಬಿಡುವಿನ ಆರೈಕೆ’ ಎಂದರೂ ಪೂರ್ತಿ ಕೂರುತ್ತಿಲ್ಲ. ಬೇರೆ ಯಾರಿಗಾದರೂ ಹೊಳೆದರೆ ತಿಳಿಸಿ.