ಹಿತ್ತಲಲ್ಲಿ ಕೂರುವ ಜಾಗ ಮಾಡಿಸಿದೆವು, ಅಪ್ಪ ಮಾತ್ರ ಅಲ್ಲಿ ಕೂರುತ್ತಿಲ್ಲ

ಮೈಸೂರು ಹಿತ್ತಲು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಗಿಡ, ಕಟ್ಟಡ ಎರಡೂ ಗೊತ್ತಿರುವವರು ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮದು ಮೈಸೂರಿನ ವಿಜಯನಗರದಲ್ಲಿ 40x60 ಸೈಟು. ಬಾಗಿಲು ಪೂರ್ವಕ್ಕೆ. ಹಿಂದೆ, ಅಂದರೆ ಪಶ್ಚಿಮಕ್ಕೆ, 12 ಅಡಿ ಅಗಲದ ಹಿತ್ತಲಿದೆ. ಅಮ್ಮ ಹೋದ ಮೇಲೆ ಅಪ್ಪನನ್ನು ತೀರ್ಥಹಳ್ಳಿ ಹತ್ತಿರದ ಊರಿನಿಂದ ಕರೆದುಕೊಂಡು ಬಂದೆವು. ಅವರಿಗೀಗ 76. ಮಂಡಿ ನೋವಿದೆ. ಊರಲ್ಲಿ ಇಡೀ ದಿನ ಜಗುಲಿ ಮೇಲೆ ಇದ್ದವರು. ಇಲ್ಲಿ ಬೆಳಗಿನಿಂದ ರಾತ್ರಿವರೆಗೆ ಟಿವಿ ಮುಂದೆ. ಟಿವಿ ನೋಡುತ್ತಾರೆ ಅಂತಲೂ ಅಲ್ಲ, ಸುಮ್ನೆ ಅದರ ಎದುರು ಕೂತಿರುತ್ತಾರೆ. ನನಗೆ ನೋಡಲಾಗುತ್ತಿಲ್ಲ.

ಅದಕ್ಕೆ ಸಂಕ್ರಾಂತಿ ಕಳೆದ ಮೇಲೆ ಹಿತ್ತಲು ಸರಿ ಮಾಡಿಸಿದೆವು. ನೆಲಕ್ಕೆ ಕಪ್ಪು ಕಡಪ ಕಲ್ಲು. ಮೇಲೆ ಪಾಲಿಕಾರ್ಬೊನೇಟ್ ಶೀಟು. ಗೋಡೆಗೆ ಸೇರಿಸಿ ಸಿಮೆಂಟ್ ಬೆಂಚು. ಸುತ್ತ ಕುಂಡಗಳು. ಒಂದು ಲಕ್ಷದ ಮೇಲೆ ಖರ್ಚಾಯಿತು. ಅಪ್ಪ ಎರಡು ದಿನ ಕೂತರು. ಮೂರನೇ ದಿನ ಸಂಜೆ ನಾಲ್ಕೂವರೆಗೆ ಬರಿಗಾಲಲ್ಲಿ ಹೊಸ್ತಿಲು ದಾಟಿದವರು ಹಾಗೇ ಕಾಲು ಹಿಂದಕ್ಕೆ ತೆಗೆದರು. "ಇದು ಕಾವಲಿ ಕಣೇ" ಅಂದರು. ಆಮೇಲೆ ಆ ಕಡೆ ಹೋಗಿಲ್ಲ.

ಮಾಡಿಸಿದ್ದನ್ನೇ ಸರಿ ಮಾಡುವ ದಾರಿ ಇದೆಯಾ? ಏನು ಮಾಡಿದರೆ ಅವರು ಹೊರಗೆ ಬರುತ್ತಾರೆ?

ದಾವಣಗೆರೆ ಸೈಟ್ ಸೂಪರ್‌ವೈಸರ್:

ಮೇಡಂ, ಇಪ್ಪತ್ತು ವರ್ಷದಿಂದ ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ. ನಿಮ್ಮಲ್ಲಿ ಆಗಿರುವುದು ತುಂಬಾ ಕಡೆ ಆಗುತ್ತದೆ.

ಕಡಪ ಕಲ್ಲು ಅಡುಗೆಮನೆ ಕಟ್ಟೆಗೆ ಚೆನ್ನ. ಬಿಸಿಲಿಗೆ ಬಿದ್ದರೆ ಕಪ್ಪು ಬಣ್ಣ ಕಾವನ್ನೆಲ್ಲ ಹೀರಿಕೊಳ್ಳುತ್ತದೆ, ಸಂಜೆ ನಿಧಾನವಾಗಿ ಬಿಡುತ್ತದೆ. ನೀವು ಕೂರುವ ಹೊತ್ತಿಗೇ ಅದು ಕಾವು ಬಿಡುವುದು. ಕಿತ್ತು ಹಾಕಬೇಕಾಗಿಲ್ಲ. ಓಡಾಡುವ ಜಾಗಕ್ಕೆ ಮೇಲಿಂದ ತಿಳಿ ಬಣ್ಣದ ಒರಟು ಸಾದರಹಳ್ಳಿ ಕಲ್ಲು ಹಾಕಿಸಿ. ನಯ ಮಾಡಿದ ಕಲ್ಲು ಬೇಡ, ಮಳೆಯಲ್ಲಿ ಜಾರುತ್ತದೆ. ಹತ್ತು ಅಡಿಗೆ ಒಂದೂವರೆ ಇಂಚು ಇಳಿಜಾರು ಇರಲಿ, ಮನೆಯಿಂದ ಆಚೆಗೆ. ಮೇಲೆ ಇನ್ನೊಂದು ಪದರ ಬಂದರೆ ನೆಲ ಎತ್ತರವಾಗುತ್ತದೆ. ನೀರು ಬಾಗಿಲೊಳಗೆ ನುಗ್ಗದ ಹಾಗೆ ಮೊದಲು ಅಳತೆ ನೋಡಿಸಿ.

ಇನ್ನು ಶೀಟು. ಅದು ಮಳೆ ತಡೆಯುತ್ತದೆ, ಬೆಳಕು ಬಿಡುತ್ತದೆ. ಜೊತೆಗೆ ಕೆಳಗಿನ ಬಿಸಿ ಗಾಳಿಯನ್ನೂ ಹಿಡಿದಿಡುತ್ತದೆ. ಗೋಡೆ ಮತ್ತು ಶೀಟಿನ ನಡುವೆ ಒಂದು ಅಡಿಯಾದರೂ ಸಂದು ಇದ್ದರೆ ಬಿಸಿ ಗಾಳಿ ಮೇಲಿಂದ ಹೋಗುತ್ತದೆ.

ಆದರೆ ಸಂಜೆ ನಿಮಗೆ ಕಾಟ ಕೊಡುವುದು ಪಕ್ಕದ ಬಿಸಿಲು. ಪಶ್ಚಿಮದ ಸೂರ್ಯ ಇಳಿಯುತ್ತಾ ಇಳಿಯುತ್ತಾ ಶೀಟಿನ ಕೆಳಗಿನಿಂದಲೇ ಒಳಗೆ ಬರುತ್ತಾನೆ. ಏಪ್ರಿಲ್, ಮೇನಲ್ಲಿ ಸ್ವಲ್ಪ ವಾಯವ್ಯದ ಕಡೆಗೆ ಮುಳುಗುತ್ತಾನೆ. ಮೇಲೆ ಎಷ್ಟು ಹೊದಿಸಿದರೂ ಅದು ನಿಲ್ಲುವುದಿಲ್ಲ. ಆ ಬದಿಗೆ ನಿಂತ ಮರೆ ಬೇಕು. ಬಿದಿರಿನ ತಟ್ಟಿ ಕಟ್ಟಿ, ಇಲ್ಲ ಬಲೆ ಕಟ್ಟಿ ಹೀರೆ ಬಳ್ಳಿ ಹಬ್ಬಿಸಿ. ಎರಡು ತಿಂಗಳಲ್ಲಿ ತುಂಬಿಕೊಳ್ಳುತ್ತದೆ. ಹೀರೆ ಹೂವು ಅರಳುವುದು ಸಂಜೆ ಹೊತ್ತಿಗೆ. ಹಳದಿ ಹೂವು ಒಂದೊಂದೇ ಬಿಚ್ಚಿಕೊಳ್ಳುವುದನ್ನು ನೋಡುತ್ತಾ ಕೂರಬಹುದು.

ಸಾಗರದ ಕಡೆಯವ:

ತಂಗಿ, ಮೇಲೆ ಅವರು ಹೇಳಿದ್ದೆಲ್ಲ ಸರಿ. ಆದರೂ ಒಂದು ಮಾತು ಕೇಳುತ್ತೇನೆ. ಹಿತ್ತಲೇ ಯಾಕೆ?

ನಾನೂ ಮಲೆನಾಡಿನವನೇ. ನಮ್ಮಲ್ಲಿ ಜಗುಲಿ ಯಾವತ್ತೂ ಮುಂದೆ. ಎದುರಿಗೆ ಅಂಗಳ, ಅಡಿಕೆ ಒಣಗಿಸುವ ಚಪ್ಪರ, ಅದರಾಚೆ ದಾರಿ. ಯಾರು ಬಂದರು, ಯಾರ ಮನೆ ದನ ಬೇಲಿ ಹಾರಿತು, ಬಸ್ಸು ಬಂತೋ ಇಲ್ಲವೋ, ಎಲ್ಲ ಅಲ್ಲಿಂದಲೇ ಕಾಣಬೇಕು. ನನ್ನ ಅಜ್ಜ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ಪಕ್ಕಕ್ಕೆ ಇಟ್ಟುಕೊಂಡು ಕೂತರೆ ದಾರಿಯಲ್ಲಿ ಹೋಗುವವರು ಹಾಗೇ ಹೋಗುವಂತಿರಲಿಲ್ಲ. ಹತ್ತಿ ಬಂದು ಒಂದು ಕವಳ ಹಾಕಲೇಬೇಕು. ನಮ್ಮ ಹಿತ್ತಲಲ್ಲಿ ಬಚ್ಚಲ ನೀರು, ಬಾಳೆ, ಕೆಸು. ಅಲ್ಲಿಗೆ ಹೋಗಿ ಕೂತವರನ್ನು ನಾನು ನೋಡಿಲ್ಲ.

ನಿಮ್ಮ ಅಪ್ಪನಿಗೆ ಕಡಪ ಕಲ್ಲು, ಕುಂಡ, ಕಾಂಪೌಂಡ್ ಗೋಡೆ ತೋರಿಸಿ ಕೂರಿ ಅಂದರೆ ಎಷ್ಟು ಹೊತ್ತು ಕೂತಾರು, ಹೇಳಿ.

ನಿಮ್ಮ ಮನೆಗೆ ಪೂರ್ವದ ಬಾಗಿಲು ಅಂದಿರಿ. ಹಾಗಾದರೆ ಮಧ್ಯಾಹ್ನದ ಮೇಲೆ ಮನೆಯ ನೆರಳೇ ಮುಂದಿನ ಅಂಗಳಕ್ಕೆ ಬೀಳುತ್ತದೆ. ಶೀಟೂ ಬೇಡ, ಬಳ್ಳಿಯೂ ಬೇಡ. ಬೆಳಿಗ್ಗೆ ಹಿತ್ತಲು ತಂಪು, ಸಂಜೆ ಮುಂದೆ ತಂಪು. ಈಗಲೇ ಏನನ್ನೂ ಕಟ್ಟಿಸಬೇಡಿ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮುಂದೆ ಹಾಕಿ. ಒಂದು ವಾರ ಅವರು ಅದನ್ನು ಎಲ್ಲಿಗೆ ಎಳೆದುಕೊಳ್ಳುತ್ತಾರೆ ನೋಡಿ. ಆ ಜಾಗವೇ ಜಗುಲಿ.

ಮೈಸೂರು ಹಿತ್ತಲು:

ಅಣ್ಣ, ಇದು ನನಗೆ ಹೊಳೆದೇ ಇರಲಿಲ್ಲ. ಓದಿ ಕಣ್ಣು ತುಂಬಿ ಬಂತು.

ಮುಂದೆ ಕಾರು ನಿಂತ ಮೇಲೂ ಹತ್ತು ಅಡಿ ಜಾಗ ಉಳಿಯುತ್ತದೆ. ಗೇಟಿನ ಪಕ್ಕ ರಸ್ತೆಯಲ್ಲೇ ಒಂದು ಹೊಂಗೆ ಮರ ಇದೆ. ಆದರೆ ಕಾಂಪೌಂಡ್ 5 ಅಡಿ, ಕೂತರೆ ರಸ್ತೆ ಕಾಣುವುದಿಲ್ಲ. ಸೊಳ್ಳೆಯೂ ಜಾಸ್ತಿ. ಕುರ್ಚಿ ನಾಳೆಯೇ ಹಾಕುತ್ತೇನೆ.

ಧಾರವಾಡ ಕೈತೋಟ:

ಅಕ್ಕಾರ, ಸೊಳ್ಳೆಗೆ ಮೊದಲು ಕುಂಡದ ಕೆಳಗಿನ ತಟ್ಟೆ ನೋಡಿ. ಡೆಂಗಿ ತರುವ ಸೊಳ್ಳೆ ಹಗಲೇ ಕಚ್ಚುತ್ತದೆ, ಮೊಟ್ಟೆ ಇಡುವುದು ಇಂಥ ತಿಳಿ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಅದಕ್ಕೆ ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ. ಚೆಲ್ಲಿದರಷ್ಟೇ ಸಾಲದು, ಅಂಚನ್ನು ನಾರಿನಿಂದ ತಿಕ್ಕಬೇಕು. ಮೊಟ್ಟೆ ಅಲ್ಲಿ ಅಂಟಿಕೊಂಡಿರುತ್ತದೆ, ಒಣಗಿದರೂ ಸಾಯುವುದಿಲ್ಲ. ಸಂಜೆ ಕಾಲಿನ ಹತ್ತಿರ ಒಂದು ಟೇಬಲ್ ಫ್ಯಾನ್ ಇಡಿ. ಗಾಳಿಗೆ ಸೊಳ್ಳೆ ನಿಲ್ಲುವುದಿಲ್ಲ. ದೀಪ ಬಿಳಿಯದು ಬೇಡ, ಹಳದಿ ಇರಲಿ. ಮಳೆಹುಳುಗಳ ಕಾಟ ಕಡಿಮೆ.

ಇನ್ನೊಂದು ಮುಖ್ಯ ಮಾತು. ನಿಮ್ಮ ಸಿಮೆಂಟ್ ಬೆಂಚು ಎಷ್ಟು ಎತ್ತರ ಇದೆ, ಅಳೆದು ನೋಡಿ. ನಮ್ಮ ಅವ್ವನಿಗೆ ಮಾಡಿಸಿದ ಬೆಂಚು 14 ಇಂಚು ಇತ್ತು. ಕೂರುವುದು ಸುಲಭ, ಏಳಲು ಇಬ್ಬರು ಹಿಡಿಯಬೇಕಿತ್ತು. ಆಕೆ ನಮ್ಮನ್ನು ಕರೆಯಲು ಸಂಕೋಚಪಟ್ಟು ಕೂರುವುದನ್ನೇ ಬಿಟ್ಟಳು. ಮಂಡಿ ನೋವಿನವರಿಗೆ 18-19 ಇಂಚು ಬೇಕು, ಎರಡೂ ಕಡೆ ಕೈ ಊರಲು ಹಿಡಿಕೆ ಬೇಕು. ಪಾದ ಮಾತ್ರ ಪೂರ್ತಿ ನೆಲಕ್ಕೆ ತಾಗಬೇಕು.

ಸಾಗರದ ಕಡೆಯವ:

ಹೊಂಗೆ ಮರ ಇದೆಯಾ! ಹಾಗಾದರೆ ಮತ್ತೇನು ಬೇಕು ತಂಗಿ. ಚಳಿ ಮುಗಿಯುವಾಗ ಎಲೆ ಉದುರಿಸಿ, ಬಿಸಿಲು ಏರುವಷ್ಟರಲ್ಲಿ ಹೊಸ ಚಿಗುರು ತುಂಬಿಕೊಂಡು ನಿಲ್ಲುವ ಮರ ಅದು. ಕಾಂಪೌಂಡ್ ಪೂರ್ತಿ ಒಡೆಯಬೇಡಿ. ಕುರ್ಚಿ ಎದುರು ನಾಲ್ಕು ಅಡಿ ಉದ್ದ ಮಾತ್ರ ಎರಡೂವರೆ ಅಡಿಗೆ ಇಳಿಸಿ, ಮೇಲೆ ಕಬ್ಬಿಣದ ಗ್ರಿಲ್ ಕೂರಿಸಿ.

ಮೈಸೂರು ಹಿತ್ತಲು (ಐದು ವಾರದ ನಂತರ):

ಹೇಳದೆ ಇರಲಾಗಲಿಲ್ಲ, ಬಂದೆ.

ಕುರ್ಚಿಯನ್ನು ನಾನು ಹಾಕಿದ್ದು ತುಳಸಿ ಕಟ್ಟೆ ಹತ್ತಿರ. ಮೊದಲ ಎರಡು ದಿನ ಅಪ್ಪ ಮುಟ್ಟಲಿಲ್ಲ. ಮೂರನೇ ದಿನ ಆಫೀಸಿನಿಂದ ಬರುವಾಗ ನೋಡಿದರೆ ಕುರ್ಚಿ ಗೇಟಿನ ಎದುರಿಗಿದೆ. ಗೇಟಿನ ಸರಳುಗಳ ಸಂದಿಯಲ್ಲಿ ರಸ್ತೆ ಕಾಣುವಂತೆ ಓರೆಯಾಗಿ ಇಟ್ಟುಕೊಂಡು ಕೂತಿದ್ದಾರೆ. ಒಂದು ಕಾಲಿಗೆ ಚಪ್ಪಲಿ ಇದೆ, ಇನ್ನೊಂದು ಬರಿಗಾಲು ನೆಲದ ಮೇಲೆ. ನೆಲ ತಣ್ಣಗಿತ್ತು. ವಾರ ಪೂರ್ತಿ ಕುರ್ಚಿ ಅಲ್ಲಿಂದ ಅಲುಗಲಿಲ್ಲ.

ಗೋಡೆಯನ್ನು ನಾಲ್ಕು ಅಡಿ ಉದ್ದಕ್ಕೆ ಇಳಿಸಿ ಗ್ರಿಲ್ ಹಾಕಿಸಿದ್ದಾಯಿತು. ಹಿತ್ತಲ ಬೆಂಚು ಅಳೆದೆ, 15 ಇಂಚು. ಅಲ್ಲಿ ಈಗ ಬಲೆ ಕಟ್ಟಿ ಹೀರೆ ಬೀಜ ಹಾಕಿದ್ದೇವೆ, ನಾಲ್ಕು ಗಿಡ ಎದ್ದಿವೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಪ್ಪನೇ ಹೋಗಿ ನೀರು ಹಾಕುತ್ತಾರೆ.

ಈಗ ಇನ್ನೊಂದು ಪ್ರಶ್ನೆ. ಸೊಪ್ಪಿನಮ್ಮ, ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಇಬ್ಬರೂ ದಿನಾ ಗ್ರಿಲ್ ಹತ್ತಿರ ನಿಂತು ಮಾತಾಡುತ್ತಾರೆ. "ಬಂದವರನ್ನು ನಿಲ್ಲಿಸಿ ಮಾತಾಡಿಸುವುದಾ? ಇನ್ನೊಂದು ಕುರ್ಚಿ ಹಾಕು" ಅನ್ನುತ್ತಾರೆ ಅಪ್ಪ. ಕುರ್ಚಿಗಿಂತ ಇಬ್ಬರು ಕೂರುವ ಕಲ್ಲು ಬೆಂಚೇ ಹಾಕಿಸೋಣ ಅಂತ ನನ್ನ ಆಸೆ. 18 ಇಂಚು ಎತ್ತರ ಸರಿ, ಉದ್ದ ನಾಲ್ಕೂವರೆ ಅಡಿ ಸಾಕಾ? ನಡುವೆ ಎಲೆ ಅಡಿಕೆ ತಟ್ಟೆ ಇಡಲೂ ಜಾಗ ಬೇಕು.