ಹಿಂದಕ್ಕೆ ವಾಲುವ ಗಾಲಿಕುರ್ಚಿಯಲ್ಲಿ ಕುಳಿತವರು ತಾವೇ ಓಡಾಡಬಹುದೇ?

ಪ್ರಶ್ನೆ – ಮಲೆನಾಡಿನ ಸೊಸೆ

ನಮ್ಮ ಅತ್ತೆಯವರಿಗೆ 78 ವರ್ಷ. ಪಾರ್ಶ್ವವಾಯುವಿನಿಂದ ಎಡಗೈ, ಎಡಗಾಲುಗಳ ಶಕ್ತಿ ಬಹುಮಟ್ಟಿಗೆ ಹೋಗಿದೆ. ಆದರೂ ಬಲಗೈಯಿಂದ ಗಾಲಿ ತಿರುಗಿಸುತ್ತ, ಬಲಗಾಲಿನಿಂದ ನೆಲವನ್ನು ಮೀಟುತ್ತ ಕೋಣೆಯಿಂದ ಪಡಸಾಲೆಗೆ, ಅಲ್ಲಿಂದ ಅಡುಗೆಮನೆಯ ಬಾಗಿಲಿನವರೆಗೆ ತಾವೇ ಬರುತ್ತಾರೆ. ಇತ್ತೀಚೆಗೆ ಬಳಲಿಕೆ ಹೆಚ್ಚಾಗಿದೆ. ಕುಳಿತ ಅರ್ಧ ಗಂಟೆಯೊಳಗೆ ಸೊಂಟ ಮುಂದಕ್ಕೆ ಜಾರಿ, ಬೆನ್ನು ಗೂನಾಗಿ, ಗದ್ದ ಎದೆಗೆ ತಾಗುವಷ್ಟು ಕುಸಿದಿರುತ್ತಾರೆ. ಕಂಕುಳಿಗೆ ಕೈಕೊಟ್ಟು ಮೇಲೆಳೆದು ಕೂರಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಅಂಗಡಿಯವರು ಸೀಟು ಸಮೇತ ಹಿಂದಕ್ಕೆ ವಾಲುವ ಟಿಲ್ಟ್ ವೀಲ್‌ಚೇರ್ ಕೊಳ್ಳಿ ಎನ್ನುತ್ತಿದ್ದಾರೆ. ಚಿತ್ರಗಳಲ್ಲಿ ನೋಡಿದರೆ ಅದು ಯಾರೋ ತಳ್ಳಿಕೊಂಡು ಹೋಗಬೇಕಾದ ಕುರ್ಚಿಯಂತೆ ಕಾಣುತ್ತದೆ. ಅದನ್ನು ತಂದರೆ ಅವರಿಗೆ ಉಳಿದಿರುವ ಅಷ್ಟಿಷ್ಟು ಓಡಾಟವೂ ನಿಂತುಹೋದೀತೇ?

ಉತ್ತರ – ಆಕ್ಯುಪೇಷನಲ್ ಥೆರಪಿಸ್ಟ್, ಮೈಸೂರು

ನಿಮ್ಮ ಆತಂಕ ಸಕಾರಣವಾದದ್ದು, ಆದರೆ ಉತ್ತರ ಯಾವ ಬಗೆಯ ಟಿಲ್ಟ್ ಕುರ್ಚಿ ಎಂಬುದನ್ನು ಅವಲಂಬಿಸಿದೆ. ಹಿಂಬದಿಗೆ 12 ಇಂಚಿನ ಪುಟ್ಟ ಗಾಲಿಗಳಿದ್ದರೆ ಅದು ತಳ್ಳಿಸಿಕೊಳ್ಳುವ ಕುರ್ಚಿಯೇ ಸರಿ. ಕುಳಿತವರ ಕೈ ಗಾಲಿಗೆ ಎಟುಕುವುದಿಲ್ಲ. 22 ಅಥವಾ 24 ಇಂಚಿನ ಗಾಲಿ, ತಗ್ಗಾದ ಸೀಟು, ಕಳಚಿಡಬಹುದಾದ ಫುಟ್‌ರೆಸ್ಟ್ ಇರುವ ಮಾದರಿಗಳೂ ಇವೆ. ನೀವು ವಿಚಾರಿಸಬೇಕಾದದ್ದು ಅವುಗಳನ್ನು.

ಜಾರಿ ಕುಳಿತವರ ಪಾದ ನೆಲವನ್ನು ಸರಿಯಾಗಿ ಒತ್ತಲಾರದು, ಭುಜ ಮುಂದಕ್ಕೆ ಬಾಗಿರುವುದರಿಂದ ಕೈಯೂ ಗಾಲಿಯನ್ನು ಪೂರ್ತಿ ಹಿಡಿಯಲಾರದು. ಇರುವ ಶಕ್ತಿಯೆಲ್ಲ ಬೀಳದಂತೆ ಕೂರುವುದಕ್ಕೇ ಖರ್ಚಾಗುತ್ತದೆ. ಸೀಟನ್ನು ಬರೀ ಐದರಿಂದ ಹತ್ತು ಡಿಗ್ರಿಯಷ್ಟು ವಾಲಿಸಿದರೂ ದೇಹದ ಭಾರವೇ ಸೊಂಟವನ್ನು ಬೆನ್ನಾಸರೆಯ ಕಡೆಗೆ ಒತ್ತಿ ಹಿಡಿಯುತ್ತದೆ. ಆಗ ಬಲಗೈ, ಬಲಗಾಲು ಎರಡೂ ಚಲನೆಗೆ ಸಿಗುತ್ತವೆ. ಸುಸ್ತಾದಾಗ 30 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ವಾಲಿಸಿದರೆ ಪೃಷ್ಠದ ಮೇಲಿನ ಭಾರ ಬೆನ್ನಿಗೆ ಹಂಚಿಹೋಗುತ್ತದೆ. ಹಾಸಿಗೆಗೆ ಹೋಗದೆಯೇ ವಿಶ್ರಾಂತಿ ಪಡೆದು, ಮತ್ತೆ ನೆಟ್ಟಗಾಗಿ ಹೊರಡಬಹುದು.

ಇದನ್ನು ರಿಕ್ಲೈನಿಂಗ್ ಕುರ್ಚಿಯೊಂದಿಗೆ ಬೆರೆಸಬೇಡಿ. ಅದರಲ್ಲಿ ಬೆನ್ನಾಸರೆ ಮಾತ್ರ ಮಲಗುತ್ತದೆ. ಸೊಂಟದ ಕೋನ ಅಗಲವಾಗಿ, ಮತ್ತೆ ಎಬ್ಬಿಸುವಾಗ ದೇಹ ಮುಂದಕ್ಕೆ ಜಾರಿ ಚರ್ಮ ಉಜ್ಜಿಹೋಗುತ್ತದೆ. ಈಗಾಗಲೇ ಜಾರುವವರಿಗೆ ಅದು ಸಲ್ಲದು.

ಉತ್ತರ – ಹುಬ್ಬಳ್ಳಿಯಿಂದ

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಅಷ್ಟು ಹಣ ಸುರಿಯುವ ಮೊದಲು ಈಗಿರುವ ಕುರ್ಚಿಯನ್ನೇ ಒಮ್ಮೆ ಪರೀಕ್ಷಿಸಿ. ಮಡಚುವ ಕುರ್ಚಿಗಳ ರೆಕ್ಸಿನ್ ಸೀಟು ವರ್ಷ ಕಳೆದಂತೆ ಜೋಲು ಬೀಳುತ್ತದೆ, ಕುಳಿತವರು ಒಂದು ಕಡೆಗೆ ವಾಲುತ್ತಾರೆ. ಸೀಟಿನ ಆಳ ತೊಡೆಗಿಂತ ಹೆಚ್ಚಿದ್ದರೆ ಅದರ ಅಂಚು ಮಂಡಿಯ ಹಿಂಭಾಗಕ್ಕೆ ಒತ್ತುತ್ತದೆ, ಆಗ ಯಾರಾದರೂ ಮುಂದಕ್ಕೆ ಜಾರಿಯೇ ಕೂರುತ್ತಾರೆ. ಅಂಚಿಗೂ ಮಂಡಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗ ಇರಬೇಕು. ನಮ್ಮ ತಂದೆಯವರ ಕುರ್ಚಿಗೆ ಅಡಿಯಲ್ಲಿ ಗಟ್ಟಿ ಹಲಗೆ, ಅದರ ಮೇಲೆ ಒಳ್ಳೆಯ ಕುಷನ್ ಹಾಕಿದ ಮೇಲೆ ಜಾರುವುದು ಎಷ್ಟೋ ಕಡಿಮೆಯಾಯಿತು. ಆದರೆ ಅವರ ಬಳಲಿಕೆಗೆ ಅದರಿಂದ ಪರಿಹಾರ ಸಿಗಲಿಲ್ಲ ಎಂಬುದನ್ನೂ ಹೇಳಬೇಕು.

ಇನ್ನೊಂದು ಮಾತು. ಟಿಲ್ಟ್ ಕುರ್ಚಿ ಉದ್ದ, ಭಾರವೂ ಹೆಚ್ಚು, ಅನೇಕ ಮಾದರಿಗಳು ಸಾಮಾನ್ಯ ಕುರ್ಚಿಯಂತೆ ಮಡಚುವುದೂ ಇಲ್ಲ. ಮಲೆನಾಡಿನ ಹಳೆಯ ಮನೆಗಳ ಹೊಸ್ತಿಲು ನಿಮಗೆ ಗೊತ್ತೇ ಇದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಹಲಗೆ ಮತ್ತು ಕುಷನ್ ಹಾಕಿ ನೋಡುತ್ತೇವೆ. ಒಳಗಿನ ಹೊಸ್ತಿಲುಗಳನ್ನು ಮನೆ ದುರಸ್ತಿ ಮಾಡಿಸುವಾಗಲೇ ತೆಗೆಸಿದ್ದೇವೆ. ಆದರೆ ಸೀಟು ಹಿಂದಕ್ಕೆ ವಾಲಿದರೆ ಮುಂಭಾಗ ಮೇಲೇಳುತ್ತದಲ್ಲವೇ? ಪಾದ ನೆಲಕ್ಕೆ ಎಟುಕುವುದು ಹೇಗೆ?

ಉತ್ತರ – ಆಕ್ಯುಪೇಷನಲ್ ಥೆರಪಿಸ್ಟ್, ಮೈಸೂರು

ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಸೀಟು ಯಾವ ಬಿಂದುವಿನ ಮೇಲೆ ತಿರುಗುತ್ತದೆ ಎಂಬುದನ್ನು ಅಂಗಡಿಯಲ್ಲೇ ವಾಲಿಸಿ ನೋಡಿ. 40 ಸೆಂಟಿಮೀಟರ್ ಆಳದ ಸೀಟು ನಟ್ಟನಡುವೆ ತಿರುಗಿದರೆ 30 ಡಿಗ್ರಿಗೆ ಅದರ ಮುಂಗುಡಿ 10 ಸೆಂಟಿಮೀಟರ್ ಮೇಲೇಳುತ್ತದೆ. 5 ಡಿಗ್ರಿಗಾದರೆ ಎರಡು ಸೆಂಟಿಮೀಟರ್‌ಗಿಂತ ಕಡಿಮೆ. ಮಂಡಿಯ ಹತ್ತಿರ ತಿರುಗುವ ಮಾದರಿಯಲ್ಲಿ ಮುಂಗುಡಿ ಬಹುತೇಕ ಇದ್ದಲ್ಲೇ ಇರುತ್ತದೆ. ಆದ್ದರಿಂದ ಓಡಾಡುವಾಗ ಅಲ್ಪ ವಾಲಿಕೆ, ವಿಶ್ರಾಂತಿಗೆ ಹೆಚ್ಚು ವಾಲಿಕೆ ಎಂದು ಎರಡು ಸ್ಥಿತಿಗಳನ್ನು ಗೊತ್ತುಮಾಡಿಕೊಳ್ಳಬೇಕು.

ಸಾಮಾನ್ಯ ಕುರ್ಚಿಯ ಸೀಟು ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅದರ ಮೇಲೆ ಕುಷನ್ ಹಾಕಿದರೆ ಗಿಡ್ಡ ದೇಹದವರ ಹಿಮ್ಮಡಿ ನೆಲ ಮುಟ್ಟುವುದೇ ಇಲ್ಲ, ನೆಲವನ್ನು ಬೆರಳ ತುದಿಯಿಂದ ಎಳೆಯುತ್ತ ಹೋದಂತೆಲ್ಲ ಸೊಂಟ ಜಾರುತ್ತದೆ. ಹುಬ್ಬಳ್ಳಿಯವರ ಸಲಹೆಯನ್ನು ಪಾಲಿಸುವಾಗಲೂ ಇದನ್ನು ಗಮನಿಸಿ, ಏಕೆಂದರೆ ದಪ್ಪ ಕುಷನ್ ಎತ್ತರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅತ್ತೆಯವರಿಗೆ ಚಪ್ಪಲಿ ಹಾಕಿಸಿ ಮಂಡಿಯ ಹಿಂಭಾಗದಿಂದ ನೆಲದವರೆಗೆ ಅಳೆಯಿರಿ, ಅವರು ಕುಳಿತಾಗ ಕುಷನ್ ಎಷ್ಟು ದಪ್ಪ ಉಳಿಯುತ್ತದೋ ಅದನ್ನು ಕಳೆಯಿರಿ; ಸೀಟಿನ ಎತ್ತರ ಅಷ್ಟೇ ಇರಬೇಕು. ಬಲಗಡೆಯ ಫುಟ್‌ರೆಸ್ಟ್ ತೆಗೆದು ಎಡಗಡೆಯದನ್ನು ಉಳಿಸಿಕೊಳ್ಳಿ.

ವಾಲಿಸುವ ಲಿವರ್ ಸಾಮಾನ್ಯವಾಗಿ ಹಿಂದಿನ ಹಿಡಿಕೆಯಲ್ಲಿರುವುದರಿಂದ ಅದು ಮನೆಯವರ ಕೈಯಲ್ಲಿರುತ್ತದೆ. ಅತ್ತೆಯವರು ಎದ್ದು ಓಡಾಡದಿರಲಿ ಎಂದು ಹಿಂದಕ್ಕೆ ವಾಲಿಸಿಟ್ಟರೆ ಅದು ಕಟ್ಟಿಹಾಕಿದಂತೆಯೇ. ಊಟದ ಹೊತ್ತಿನಲ್ಲಂತೂ ಗಂಟಲಿಗೆ ಸಿಕ್ಕದಂತೆ ನೆಟ್ಟಗೆ ಕೂರಿಸಲೇಬೇಕು.

ಕೊಳ್ಳುವ ಮೊದಲು ಅಳತೆ ತೆಗೆದು, ಕೂರಿಸಿ ನೋಡಿ, ಬಳಸುವುದನ್ನು ಕಲಿಸಿ, ಆಮೇಲೂ ವಿಚಾರಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿಯೇ ಹೇಳುತ್ತದೆ. ಬೆಂಗಳೂರಿಗೆ ಬರುವುದಾದರೆ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ, ಲಿಂಗರಾಜಪುರದ ಎ.ಪಿ.ಡಿ. (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಸಂಸ್ಥೆಗಳಲ್ಲಿ ವಿಚಾರಿಸಬಹುದು. ಹೋಗುವಾಗ ಮನೆಯ ಅತಿ ಕಿರಿದಾದ ಬಾಗಿಲಿನ ಅಗಲವನ್ನೂ ಬರೆದುಕೊಂಡು ಹೋಗಿ.