ಅಗ್ರಹಾರ ಮೂರನೇ ಅಡ್ಡರಸ್ತೆ ಗುಂಪು: ರಾತ್ರಿ ಹೊಗೆಯ ವಿಷಯ

14 ಮಹಡಿ ಮನೆ (14ನೇ ನಂಬರಿನ ಮೇಲಿನ ಮನೆ, ಬೆಳಿಗ್ಗೆ 5:10): ಇನ್ನೆಷ್ಟು ಸಲ ಹೇಳಬೇಕು? ರಾತ್ರಿ ಒಂದೂವರೆಗೆ ಕೆಳಗಿನ ಅಂಗಡಿಯ ಇನ್ವರ್ಟರ್ ವೈರ್ ಸುಟ್ಟಿತು. ಬೆಂಕಿ ಒಂದು ಬಕೆಟ್ ಮರಳಿಗೇ ಆರಿತು. ಹೊಗೆ ಮಾತ್ರ ನಮ್ಮ ನೆಲದ ಮರದ ಹಲಗೆ ಸಂದಿನಿಂದ ಮಕ್ಕಳ ಕೋಣೆಗೆ ತುಂಬಿಕೊಂಡಿತು. ಬಾಗಿಲೇ ಕಾಣಿಸುತ್ತಿರಲಿಲ್ಲ. 101ಕ್ಕೆ ಫೋನ್ ಮಾಡಿದರೆ ಗಾಡಿ ಮೂಲೆಯಲ್ಲೇ ನಿಂತಿತು, ಒಳಗೆ ಬರಲು ಜಾಗ ಇಲ್ಲ. ಈ ಸಲ ನಾನು ಸುಮ್ಮನಿರುವುದಿಲ್ಲ.

ಕೆಳಗಿನ ಅಂಗಡಿ: ಅಕ್ಕ, ವೈರಿಂಗ್ ಮಾಡಿಸಬೇಕಾದವರು ಮಾಲೀಕರು. ನಾನು ಬಾಡಿಗೆಯವನು.

ಮೂಲೆ ಮನೆ ರಾಯರು: ಟೈಲರ್ ಇದ್ದಾಗಲೂ ಇದೇ ಮಾತು ಕೇಳಿದ್ದೆವು. ಇಸ್ತ್ರಿ ಪೆಟ್ಟಿಗೆ ಕತೆ ಮರೆತಿರಾ?

6 ಅಜ್ಜಿ: (ಗುಲಾಬಿ ಚಿತ್ರ) ಶುಭೋದಯ 🌹

15: ನಮ್ಮ ಬೀರುವಿನ ಬಟ್ಟೆಗೂ ಹೊಗೆ ವಾಸನೆ ಹಿಡಿದಿದೆ. ನಮ್ಮ ಮನೆಗೆ ಹೇಗೆ ಬಂತು?

9ನೇ ಮನೆ ಮಗ: ಎರಡೂ ಮನೆಯ ಜಂತೆ ಒಂದೇ ನಡುಗೋಡೆಯಲ್ಲಿ ಕೂತಿದೆ ಅಂಕಲ್. ಜಂತೆ ತುದಿಯ ಸುತ್ತ ಗಾರೆ ಉದುರಿ ಸಂದಾಗಿದೆ. ಅದೇ ದಾರಿ.

ಎಂಜಿನಿಯರ್ ಸಾರ್: ಮರ ಅಂದಮೇಲೆ ಸುಡುತ್ತದೆ. ನಮ್ಮ ಮೈಸೂರಿನ ಮರದ ಅರಮನೆಯೇ 1897ರಲ್ಲಿ ಸುಟ್ಟುಹೋಯಿತು. ಎಲ್ಲ ಕಿತ್ತು ಆರ್‌ಸಿಸಿ ಹಾಕಿ.

ಎಂಜಿನಿಯರ್ ಸಾರ್: ನಾನು 2 ವರ್ಷದ ಹಿಂದೆಯೇ ಹೇಳಿದ್ದೆ.

ಎಂಜಿನಿಯರ್ ಸಾರ್: ಯಾರೂ ಕೇಳಲಿಲ್ಲ.

9ನೇ ಮನೆ ಮಗ: ಕೀಳುವುದು ಬೇಡ ಸಾರ್. ತೇಗದ ದಪ್ಪ ತೊಲೆ ಅಷ್ಟು ಬೇಗ ಬೀಳುವುದಿಲ್ಲ. ನಿಮಿಷಕ್ಕೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ಮರವನ್ನು ಸ್ವಲ್ಪ ಹೊತ್ತು ಕಾಯುತ್ತದೆ. ತೊಂದರೆ ಇರುವುದು ತೆಳು ಹಲಗೆಯಲ್ಲಿ, ಸಂದಿನಲ್ಲಿ, ವೈರಿಗೆ ಕೊರೆದ ತೂತಿನಲ್ಲಿ. ಜಂತೆಗಳ ನಡುವೆ ರಾಕ್‌ವುಲ್ (ಉರಿಯದ ಕಲ್ಲಿನ ನಾರು) ತುಂಬಿ, ಕೆಳಗಿನಿಂದ ಬೆಂಕಿ ತಡೆಯುವ ಜಿಪ್ಸಮ್ ಬೋರ್ಡ್ ಎರಡು ಪದರ ಸ್ಕ್ರೂ ಹೊಡೆಯಬೇಕು. ಜಿಪ್ಸಮ್ಮಿನ ತೂಕದಲ್ಲಿ ಐದರಲ್ಲೊಂದು ಪಾಲು ನೀರೇ, ಅದು ಆವಿಯಾಗುವ ತನಕ ಮೇಲೆ ಕಾವು ಹತ್ತುವುದು ನಿಧಾನ. ತೂತಿಗೆ ಫೈರ್ ಸೀಲೆಂಟ್, ಅಂದರೆ ಬೆಂಕಿ ತಡೆಯುವ ಮೆತ್ತು, ಹಾಕಬೇಕು, ಮಾಮೂಲಿ ಫೋಮ್ ಬೇಡ, ಅದೇ ಉರಿಯುತ್ತದೆ. ಅಂಗಡಿಯ ಥರ್ಮಾಕೋಲ್ ಸೀಲಿಂಗ್ ಮೊದಲು ತೆಗೆಯಿರಿ.

15: ಬೆಂಕಿ ತಡೆಯುವ ಪೇಂಟ್ ಬರುತ್ತದಂತಲ್ಲ, ಅದನ್ನೇ ಬಳಿದರೆ ಸಾಲದೇ?

9ನೇ ಮನೆ ಮಗ: ಪೇಂಟು ಮರಕ್ಕೆ ಒಳ್ಳೆಯದು. ಹಲಗೆ ನಡುವೆ ಬೆರಳು ತೂರುವಷ್ಟು ಸಂದಿದ್ದರೆ ಹೊಗೆ ನಿಲ್ಲುವುದಿಲ್ಲ. ಇನ್ನೊಂದು, ಜಿಪ್ಸಮ್ ಬೋರ್ಡ್ ಎರಡು ಪದರ ಅಂದರೆ ಚದರ ಮೀಟರಿಗೆ ಸುಮಾರು 20 ಕೆಜಿ ಭಾರ. ಜಂತೆ ತುದಿಗೆ ಗೆದ್ದಲು ಹಿಡಿದಿದೆಯಾ ಅಂತ ಮೊದಲು ಉಳಿಯಿಂದ ಚುಚ್ಚಿ ನೋಡಬೇಕು.

ಕೆಳಗಿನ ಅಂಗಡಿ: ಕೆಳಗಿನಿಂದ ಅಂದರೆ ನನ್ನ ಅಂಗಡಿ ಮುಚ್ಚಬೇಕಲ್ವಾ? ಆ ನಷ್ಟ ಯಾರು ಕೊಡುತ್ತಾರೆ?

14 ಮಹಡಿ ಮನೆ: ನಮ್ಮ ಮಕ್ಕಳ ಉಸಿರಿಗೆ ಯಾರು ಕೊಡುತ್ತಾರೆ?

ಮೂಲೆ ಮನೆ ರಾಯರು: ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ. ನಮ್ಮ ಬೀದಿಯಲ್ಲಿ ಇದ್ದ ಬಾವಿ ಮುಚ್ಚಿ ಕಾರು ನಿಲ್ಲಿಸಿದ್ದಾರೆ 😀

ಎಂಜಿನಿಯರ್ ಸಾರ್: ಅದೇ ನೋಡಿ ಮೂಲ ಸಮಸ್ಯೆ. ಪಾರ್ಕಿಂಗ್! ಹೊರಗಿನವರೆಲ್ಲ ಇಲ್ಲೇ ತಂದು ನಿಲ್ಲಿಸುತ್ತಾರೆ.

15: ರಾತ್ರಿ ಮೂಲೆಯಲ್ಲಿದ್ದ ಬಿಳಿ ಕಾರು ನಿಮ್ಮದೇ ಅಲ್ವಾ ಸಾರ್?

ಎಂಜಿನಿಯರ್ ಸಾರ್: ಅದು ಮಗನದು. ಹಬ್ಬಕ್ಕೆ ಬಂದಿದ್ದಾನೆ. ವಿಷಯಾಂತರ ಬೇಡ.

6 ಅಜ್ಜಿ: (ಫಾರ್ವರ್ಡ್) ಬೆಳಿಗ್ಗೆ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದರೆ ಆಗುವ 12 ಲಾಭಗಳು

9ನೇ ಮನೆ ಮಗ: ಅಕ್ಕ, ಸಂಜೆ ಬಂದು ಜಂತೆ ನೋಡುತ್ತೇನೆ. ಅಂಗಡಿಯವರೇ, ಎಷ್ಟು ಹೊತ್ತಿನ ತನಕ ತೆಗೆದಿರುತ್ತೀರಿ?

ಎಂಜಿನಿಯರ್ ಸಾರ್: ಸಂಜೆ ಎಲ್ಲರೂ ನಮ್ಮ ಜಗಲಿಗೆ ಬನ್ನಿ. ಮನೆಗೆ 300 ರೂಪಾಯಿ. ರಸ್ತೆಗೆ ಗೆರೆ ಹೊಡೆಸೋಣ, ನೋ ಪಾರ್ಕಿಂಗ್ ಬೋರ್ಡ್ ಹಾಕಿಸೋಣ.

15: 👍

ಮೂಲೆ ಮನೆ ರಾಯರು: 👍 ಕಾಫಿ ಇರುತ್ತದೆ ತಾನೇ?

14 ಮಹಡಿ ಮನೆ: ಸೀಲಿಂಗ್ ವಿಷಯ? ಮಾಲೀಕರಿಗೆ ಯಾರು ಫೋನ್ ಮಾಡುತ್ತೀರಿ?

ಎಂಜಿನಿಯರ್ ಸಾರ್: ಗೆರೆ ಹಳದಿನಾ, ಬಿಳಿನಾ? ಬೇಗ ಹೇಳಿ, ಪೇಂಟರ್ ಕಾಯುತ್ತಿದ್ದಾನೆ.

14 ಮಹಡಿ ಮನೆ: ಮಕ್ಕಳನ್ನು ಇವತ್ತಿನಿಂದ ಬೀದಿ ಕಡೆಯ ಹಾಲ್‌ನಲ್ಲಿ ಮಲಗಿಸುತ್ತೇನೆ.

ಕೆಳಗಿನ ಅಂಗಡಿ: ಹಳದಿ ಸಾರ್. ಬಿಳಿಯಲ್ಲಿ ಕೊಳೆ ಬೇಗ ಕಾಣುತ್ತದೆ.